ಜ್ವರವಿಲ್ಲ, ಸಿಆರ್‌ಪಿ ನಾರ್ಮಲ್: ಆದರೂ ನವಜಾತ ಶಿಶುವಿಗೆ ನಂಜು ಏರಿರಬಹುದೇ?

ಪಾಳಿಪುಸ್ತಕ (ಪ್ರಶ್ನೆ)

ನವಜಾತ ಶಿಶುಗಳ ವಾರ್ಡಿಗೆ ಹೊಸದಾಗಿ ಸೇರುವ ನರ್ಸ್‌ಗಳಿಗಾಗಿ ಎರಡು ಪುಟದ ಕೈಪಿಡಿಯೊಂದು ತಯಾರಾಗುತ್ತಿದೆ. ವಿಷಯ, ಹುಟ್ಟಿದ ದಿನದಿಂದ 59 ದಿನದವರೆಗಿನ ಮಕ್ಕಳಲ್ಲಿ ತೀವ್ರ ಸೋಂಕು ಮತ್ತು ಸೆಪ್ಸಿಸ್ (ಸೋಂಕು ಮೈಯೆಲ್ಲ ಕೆಡಿಸುವ ಸ್ಥಿತಿ, ಶೀರ್ಷಿಕೆಯ ನಂಜು). ಪಠ್ಯಪುಸ್ತಕದ ಪಟ್ಟಿಯನ್ನು ಹಾಗೇ ಇಳಿಸಿದರೆ ಯಾರೂ ಓದುವುದಿಲ್ಲ. ನಾಲ್ಕು ಕಡೆ ಸ್ಪಷ್ಟನೆ ಬೇಕು.

ಒಂದು, ಏನೇ ಬಿಟ್ಟರೂ ಬಿಡಬಾರದ ಲಕ್ಷಣಗಳು ಯಾವುವು, ಅವನ್ನು ಸರಿಯಾಗಿ ನೋಡುವುದು ಹೇಗೆ?
ಎರಡು, ಮಗು ಮಂಕಾಗಿದೆ, ಸಿಆರ್‌ಪಿ (ಸೋಂಕಿದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್) ಮಾತ್ರ ನಾರ್ಮಲ್. ಆಂಟಿಬಯೋಟಿಕ್ ಕೊಡದೆ ಕಾಯಬಹುದೇ? ಶುರು ಮಾಡಿದ್ದರೆ ಯಾವಾಗ ನಿಲ್ಲಿಸುವುದು?
ಮೂರು, ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್‌ಗಳನ್ನು ಅಳೆಯುವಾಗ ಲೆಕ್ಕ ತಪ್ಪುವುದು ಎಲ್ಲಿ?
ನಾಲ್ಕು, ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದಾಗ ಗಾಡಿ ಹತ್ತಿಸುವ ಮುಂಚೆ ಏನೇನು ಆಗಿರಬೇಕು?

---

ಇನ್‌ಕ್ಯುಬೇಟರ್

ಮೊದಲ ಪ್ರಶ್ನೆಗೆ ಉತ್ತರ. ಬಿಡಬಾರದವು ಏಳು. 2008ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬಹುದೇಶೀಯ ಅಧ್ಯಯನವೊಂದು ಉದ್ದ ಪಟ್ಟಿಯನ್ನು ಏಳಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಲ್ಲಿ ಇರುವುದೂ ಹೆಚ್ಚುಕಡಿಮೆ ಅದೇ: ಹಾಲು ಕುಡಿಯುವುದನ್ನು ನಿಲ್ಲಿಸಿರುವುದು ಅಥವಾ ಹುಟ್ಟಿದಾಗಿನಿಂದಲೂ ಕುಡಿಯದಿರುವುದು, ಫಿಟ್ಸ್, ಮುಟ್ಟಿ ಎಬ್ಬಿಸಿದರಷ್ಟೇ ಅಲುಗಾಡುವುದು ಅಥವಾ ಆಗಲೂ ಅಲುಗದಿರುವುದು, ಉಸಿರೆಳೆದಾಗ ಎದೆಯ ಕೆಳಭಾಗ ಆಳವಾಗಿ ಒಳಕ್ಕೆ ಸೇದುವುದು, ಮೊದಲ ವಾರದ ಮಗುವಿನಲ್ಲಿ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು, 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, 35.5ಕ್ಕಿಂತ ಕಡಿಮೆ ಮೈಬಿಸಿ. ಇವುಗಳಲ್ಲಿ ಒಂದೇ ಒಂದು ಇದ್ದರೂ ತೀವ್ರ ಸೋಂಕು ಎಂದೇ ಹಿಡಿದು ಮುಂದಿನ ಕೆಲಸ. ಎರಡು ಸೇರಲಿ ಎಂದು ಕಾಯುವ ಹಾಗಿಲ್ಲ.

ಪಟ್ಟಿ ಎಲ್ಲರಿಗೂ ಬಾಯಿಪಾಠ. ಎಡವುವುದು ನೋಡುವ ರೀತಿಯಲ್ಲಿ.

ಹಾಲು ಕುಡಿಯುವುದು: "ಕುಡೀತಿದೆಯಾ?" ಎಂದರೆ "ಹ್ಞೂಂ" ಎಂಬ ಉತ್ತರ ಸಿಕ್ಕೇ ಸಿಗುತ್ತದೆ. ಕೇಳಬೇಕಾದ್ದು, "ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಇದೆಯಾ? ಎಷ್ಟು ಹೊತ್ತು ಚೀಪುತ್ತೆ? ನಡುವೆ ಬಿಟ್ಟು ನಿದ್ದೆಗೆ ಜಾರುತ್ತಾ?" ಆಮೇಲೆ ಕಣ್ಣೆದುರೇ ಎದೆಗೆ ಹಾಕಿಸಿ ನೋಡಿ. ಮಗು ಈಗಷ್ಟೇ ಕುಡಿದಿದ್ದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಮೂಗು ಕಟ್ಟಿಕೊಂಡಿದ್ದರೆ ಮೊದಲು ಅದನ್ನು ಸ್ವಚ್ಛ ಮಾಡಿ. ನಿನ್ನೆಯವರೆಗೆ ಚೆನ್ನಾಗಿ ಕುಡಿಯುತ್ತಿದ್ದ ಮಗು ಇವತ್ತು ಬಾಯಿ ತೆರೆಯದಿದ್ದರೆ ಅದು ಹಟವಲ್ಲ. ಎಳೆಗೂಸಿಗೆ ಹಟ ಮಾಡಲು ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಪಟ್ಟಿಯಲ್ಲಿ ಇದೊಂದನ್ನು ದಪ್ಪಕ್ಷರದಲ್ಲಿ ಹಾಕಬೇಕು. ಯಂತ್ರ ಬೇಡ, ರಕ್ತ ಬೇಡ, ಬಹಳ ಸಲ ಎಲ್ಲಕ್ಕಿಂತ ಮೊದಲು ಕಾಣುವುದೂ ಇದೇ.

ಉಸಿರು: ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ನಡೆಯುವುದಿಲ್ಲ. ನವಜಾತ ಶಿಶುವಿನ ಉಸಿರಿಗೆ ಸಮನಾದ ಲಯವಿಲ್ಲ. ಸರಸರನೆ ಹತ್ತು ಉಸಿರು, ಆಮೇಲೆ 5ರಿಂದ 10 ಸೆಕೆಂಡ್ ಬಿಡುವು, ಮತ್ತೆ ಶುರು. ಇದು ಸಹಜ. ಬಿಡುವು 20 ಸೆಕೆಂಡ್ ದಾಟಿದರೆ, ಅಥವಾ ಅದಕ್ಕಿಂತ ಕಡಿಮೆಯಿದ್ದರೂ ಮಗು ನೀಲಿಗಟ್ಟಿದರೆ, ಎದೆಬಡಿತ ಇಳಿದರೆ, ಸಹಜವಲ್ಲ. ಎಣಿಕೆ 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಮಗು ಅಳುತ್ತಿರುವಾಗ, ಹಾಲು ಕುಡಿಯುತ್ತಿರುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ.

ಎದೆ ಸೆಳೆತ: ಬಟ್ಟೆ ಪೂರ್ತಿ ಸರಿಸಿ, ಒಳ್ಳೆಯ ಬೆಳಕಿನಲ್ಲಿ ಪಕ್ಕೆಲುಬಿನ ಕೆಳ ಅಂಚನ್ನು ನೋಡಿ. ಎಳೆಯ ಮಗುವಿನ ಎದೆಗೂಡು ಮೆತ್ತಗಿರುವುದರಿಂದ ಚೂರು ಸೆಳೆತ ಮಾಮೂಲು. ಆಳವಾಗಿ, ದೂರದಿಂದಲೇ ಕಾಣುವಂತೆ, ಪ್ರತಿ ಉಸಿರಿಗೂ ಸೇದಿದರೆ ಅದು ಲಕ್ಷಣ. ಉಸಿರು ಬಿಡುವಾಗ ಮುಲುಗುವ ಸದ್ದು ಬಂದರೆ ಇನ್ನೂ ಕೆಟ್ಟದ್ದು.

ಫಿಟ್ಸ್: ದೊಡ್ಡವರಂತೆ ಕೈಕಾಲು ಬಡಿಯುವುದನ್ನು ನಿರೀಕ್ಷಿಸಿದರೆ ಅರ್ಧದಷ್ಟು ತಪ್ಪಿಹೋಗುತ್ತವೆ. ಸುಮ್ಮನೆ ತುಟಿ ಚಪ್ಪರಿಸುವುದು, ಕಣ್ಣು ಒಂದೇ ಕಡೆ ನಿಲ್ಲುವುದು, ಸೈಕಲ್ ತುಳಿದಂತೆ ಕಾಲಾಡಿಸುವುದು, ಇದ್ದಕ್ಕಿದ್ದಂತೆ ಉಸಿರು ನಿಲ್ಲುವುದು, ಇವೂ ಫಿಟ್ಸ್ ಆಗಿರಬಹುದು. ಬರೀ ನಡುಕವೋ ಫಿಟ್ಸೋ ಎಂಬ ಸಂಶಯ ಬಂದರೆ ಆ ಕೈಯನ್ನು ಮೆಲ್ಲಗೆ ಹಿಡಿದುಕೊಳ್ಳಿ. ಹಿಡಿದಾಗ ನಿಂತರೆ ನಡುಕ. ನಿಮ್ಮ ಕೈಯೊಳಗೂ ಜಗ್ಗುತ್ತಲೇ ಇದ್ದರೆ ಫಿಟ್ಸ್. ಎರಡರಲ್ಲೂ ರಕ್ತದ ಸಕ್ಕರೆ ತಕ್ಷಣ ನೋಡಬೇಕು.

ಈ ಏಳರ ಹೊರಗೆ ಇನ್ನೂ ಕೆಲವು ಪಕ್ಕದ ಅಂಕಣದಲ್ಲಿ ಇರಲಿ: ನೆತ್ತಿ ಉಬ್ಬಿರುವುದು, ಹೊಕ್ಕುಳಿನ ಕೆಂಪು ಸುತ್ತಲಿನ ಚರ್ಮಕ್ಕೆ ಹರಡಿರುವುದು, ಮೈತುಂಬ ಕೀವುಗುಳ್ಳೆ, ಹೊಟ್ಟೆ ಉಬ್ಬರದ ಜೊತೆ ಹಸಿರು ವಾಂತಿ, ಮೊದಲ 24 ಗಂಟೆಯೊಳಗೆ ಕಾಣಿಸಿಕೊಂಡ ಕಾಮಾಲೆ, ಚರ್ಮ ಬೂದಿಬಣ್ಣಕ್ಕೆ ತಿರುಗಿ ಮಚ್ಚೆಮಚ್ಚೆಯಾಗುವುದು. ಎದೆಯ ಮೂಳೆಯ ಮೇಲೆ ಬೆರಳಿನಿಂದ 5 ಸೆಕೆಂಡ್ ಒತ್ತಿ ಬಿಟ್ಟಾಗ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತಸಂಚಾರ ಕುಗ್ಗುತ್ತಿದೆ ಎಂದು ತಿಳಿಯಿರಿ. ಅಂಗಾಲಿನಲ್ಲಿ ನೋಡಬೇಡಿ. ಕಾಲು ತಣ್ಣಗಿದ್ದರೆ ಆರೋಗ್ಯವಂತ ಮಗುವಿನಲ್ಲೂ ಅದು ತಡವಾಗುತ್ತದೆ.

---

ಎಳೆಬಿಸಿಲು

ಮೈಬಿಸಿಯ ವಿಷಯಕ್ಕೆ ಎರಡು ಮಾತು ಸೇರಿಸುವೆ, ಶೀರ್ಷಿಕೆಯ ಪ್ರಶ್ನೆ ಅಲ್ಲಿಯೇ ಇದೆ.

ನವಜಾತ ಶಿಶುವಿನ ಸಹಜ ಮೈಬಿಸಿ 36.5ರಿಂದ 37.5. ನಂಜು ಏರಿದಾಗ ಜ್ವರ ಬರಲೇಬೇಕೆಂದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳಲ್ಲಿ ಮೈ ತಣ್ಣಗಾಗುವುದೇ ಹೆಚ್ಚು. ಶಾಖ ಹುಟ್ಟಿಸುವ ಕಂದು ಕೊಬ್ಬು ಅವರಲ್ಲಿ ಕಡಿಮೆ, ಸಕ್ಕರೆಯ ದಾಸ್ತಾನೂ ಕಡಿಮೆ. ಹಾಗಾಗಿ ಕೈಪಿಡಿಯಲ್ಲಿ "ಜ್ವರ ಇದೆಯೇ?" ಎಂಬ ಚೌಕ ಬೇಡ. "ಮೈಬಿಸಿ ಎಷ್ಟು?" ಎಂದಿರಲಿ, ಅಂಕಿ ಬರೆಯಲು ಜಾಗವಿರಲಿ. ಥರ್ಮಾಮೀಟರಿನ ತುದಿ ಕಂಕುಳಿನ ಆಳದಲ್ಲಿ, ತೋಳು ಮೈಗೆ ಒತ್ತಿಕೊಂಡು, ಸದ್ದು ಬರುವವರೆಗೆ. ಹಣೆ ಮುಟ್ಟಿ ನೋಡುವುದು ಅಳತೆಯಲ್ಲ.

ಕಂಬಳಿ ಸುತ್ತಿಟ್ಟ ಮಗು ಬಿಸಿಯಾದರೆ? ಒಂದು ಪದರ ತೆಗೆದು 15–30 ನಿಮಿಷದ ನಂತರ ಮತ್ತೆ ಅಳೆಯುವುದು ಸರಿಯೇ. ಆದರೆ 38 ಮುಟ್ಟಿದ ಮಗುವನ್ನು "ಕಂಬಳಿಯಿಂದ ಆಗಿರಬೇಕು" ಎಂದು ಅಲ್ಲಿಗೇ ಬಿಡಬೇಡಿ. ಉಳಿದ ಆರು ಲಕ್ಷಣಗಳನ್ನೂ ಆ ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದು. ಇನ್ನೊಂದು, ಹಳೆಯ ಪಟ್ಟಿಗಳಲ್ಲಿ ಜ್ವರದ ಗೆರೆ 37.5 ಇತ್ತು, ಈಗ 38. ವಾರ್ಡಿನ ಗೋಡೆಯಲ್ಲಿ ಎರಡೂ ಅಂಟಿಕೊಂಡಿದ್ದರೆ ಹಳೆಯದನ್ನು ಕಿತ್ತುಹಾಕಿ.

ಪ್ಯಾರಾಸಿಟಮಾಲ್ ಹನಿ ಹಾಕಿ ಜ್ವರ ಇಳಿಸಿ ನೋಡುವ ಅಭ್ಯಾಸ ಎರಡು ತಿಂಗಳೊಳಗಿನ ಮಗುವಿನಲ್ಲಿ ಬೇಡವೇ ಬೇಡ. ಅಂಕಿ ಇಳಿಯುತ್ತದೆ, ಸೋಂಕು ಇದ್ದಲ್ಲೇ ಇರುತ್ತದೆ, ನಡುವೆ ಆರೆಂಟು ಗಂಟೆ ಕೈತಪ್ಪಿಹೋಗಿರುತ್ತದೆ.

---

ಕಲ್ಚರ್_ಬಾಟಲ್

ಎರಡನೇ ಪ್ರಶ್ನೆ ಲ್ಯಾಬಿನವರ ಕಡೆಯದು, ನಾನು ಹೇಳುತ್ತೇನೆ.

ಸಿಆರ್‌ಪಿ ಯಕೃತ್ತಿನಲ್ಲಿ ತಯಾರಾಗಬೇಕು. ಸೋಂಕು ಶುರುವಾಗಿ 6ರಿಂದ 12 ಗಂಟೆ ಕಳೆಯದೆ ಅದು ರಕ್ತದಲ್ಲಿ ಏರಿದ್ದು ಕಾಣುವುದಿಲ್ಲ, ತುದಿ ಮುಟ್ಟುವುದು 24ರಿಂದ 48 ಗಂಟೆಯ ಹೊತ್ತಿಗೆ. ಮಗು ಮಂಕಾಗಿ ಎರಡು ಗಂಟೆಯಲ್ಲಿ ತೆಗೆದ ರಕ್ತದಲ್ಲಿ ಸಿಆರ್‌ಪಿ ನಾರ್ಮಲ್ ಬಂತೆಂದರೆ ಅದರರ್ಥ "ಇನ್ನೂ ಗೊತ್ತಿಲ್ಲ" ಎಂದಷ್ಟೇ, "ಸೋಂಕಿಲ್ಲ" ಎಂದಲ್ಲ. ಇನ್ನೊಂದು ಬದಿಯೂ ಇದೆ: ಹುಟ್ಟುವಾಗ ಉಸಿರು ಕಟ್ಟಿದ್ದರೆ, ಮಗು ತನ್ನ ಮಲ ಬೆರೆತ ಗರ್ಭನೀರನ್ನು ಶ್ವಾಸಕೋಶಕ್ಕೆ ಎಳೆದುಕೊಂಡಿದ್ದರೆ, ಹೆರಿಗೆ ಬಹಳ ಹೊತ್ತು ಎಳೆದಿದ್ದರೆ ಸೋಂಕೇ ಇಲ್ಲದೆಯೂ ಸಿಆರ್‌ಪಿ ಏರುತ್ತದೆ. ಸೋಂಕಿನ ಇನ್ನೊಂದು ರಕ್ತಸೂಚಕವಾದ ಪ್ರೊಕ್ಯಾಲ್ಸಿಟೋನಿನ್ ಚುರುಕು, ನಿಜ. ಆದರೆ ಆರೋಗ್ಯವಂತ ಮಗುವಿನಲ್ಲೂ ಹುಟ್ಟಿದ ಮೊದಲ ಎರಡು ಮೂರು ದಿನ ಅದು ತಾನಾಗಿಯೇ ಏರಿ ಇಳಿಯುತ್ತದೆ. ವಯಸ್ಸನ್ನು ಗಂಟೆಗಳಲ್ಲಿ ಹಿಡಿದು ಓದದಿದ್ದರೆ ಅದು ದಾರಿ ತಪ್ಪಿಸುತ್ತದೆ.

ಹಾಗಾದರೆ ಸಿಆರ್‌ಪಿ ಯಾತಕ್ಕೆ? ನಿಲ್ಲಿಸುವುದಕ್ಕೆ. ಶುರು ಮಾಡುವ ತೀರ್ಮಾನ ಮಗುವನ್ನು ನೋಡಿ. ನಿಲ್ಲಿಸುವ ತೀರ್ಮಾನದಲ್ಲಿ ಮಾತ್ರ ಲ್ಯಾಬಿನ ಮಾತಿಗೆ ತೂಕ. 18ರಿಂದ 24 ಗಂಟೆ ಬಿಟ್ಟು ಎರಡನೇ ಸಿಆರ್‌ಪಿ ತೆಗೆದು, ಎರಡೂ ಕಡಿಮೆಯಿದ್ದು, ಮಗು ಚೆನ್ನಾಗಿದ್ದು, ಕಲ್ಚರ್‌ನಲ್ಲಿ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) 36ರಿಂದ 48 ಗಂಟೆಯಾದರೂ ಏನೂ ಬೆಳೆಯದಿದ್ದರೆ ನಿಲ್ಲಿಸಬಹುದು. ನಿಜವಾದ ರೋಗಾಣುಗಳು ಬಹುಪಾಲು ಆ ಅವಧಿಯೊಳಗೇ ಯಂತ್ರದಲ್ಲಿ ಬೆಳೆದು ತೋರುತ್ತವೆ.

ಆದರೆ ಕಲ್ಚರ್ ಮಾತಾಡಬೇಕಾದರೆ ಅದಕ್ಕೆ ಸಾಕಷ್ಟು ರಕ್ತ ಕೊಟ್ಟಿರಬೇಕು. ನಮ್ಮವರು ಸೋಲುವುದು ಇಲ್ಲೇ. ಬಾಟಲಿಗೆ ಕನಿಷ್ಠ 1 ಮಿ.ಲೀ. ಬೇಕು. 0.3 ಮಿ.ಲೀ. ಹಾಕಿ "ನೋ ಗ್ರೋತ್" ಬಂದರೆ ಅದನ್ನು ನಂಬಿ ಔಷಧಿ ನಿಲ್ಲಿಸುವುದು ಹೇಗೆ? ರಕ್ತದಲ್ಲಿ ರೋಗಾಣು ವಿರಳವಾಗಿರುವ ಮಗುವಿನಲ್ಲಿ ಆ ಕೆಲವೇ ಹನಿಯಲ್ಲಿ ಒಂದೂ ಸಿಗದೆ ಹೋಗಬಹುದು.

ತೆಗೆಯುವ ಕ್ರಮ: ಕೈ ತೊಳೆದು ಸ್ಟೆರೈಲ್ ಗ್ಲೌಸ್, ಹೊಸದಾಗಿ ಚುಚ್ಚಿದ ರಕ್ತನಾಳ, ಚರ್ಮಕ್ಕೆ ಆಂಟಿಸೆಪ್ಟಿಕ್ ಹಚ್ಚಿ ಪೂರ್ತಿ ಒಣಗುವವರೆಗೆ ಕಾಯುವುದು. ಒದ್ದೆಯಿದ್ದಾಗಲೇ ಚುಚ್ಚಿದರೆ ಹಚ್ಚಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸಿ. ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಟೋಪಿ ತೆಗೆದ ಮಾತ್ರಕ್ಕೆ ಅದು ಸ್ಟೆರೈಲ್ ಅಲ್ಲ. ಮೊದಲು ಕಲ್ಚರ್ ಬಾಟಲಿಗೆ, ಆಮೇಲೆ ಉಳಿದ ಟ್ಯೂಬ್‌ಗಳಿಗೆ. ಹಳೆಯ ಕ್ಯಾನ್ಯುಲಾದಿಂದ ಎಳೆಯಬೇಡಿ, ಅದರಲ್ಲಿ ಕೂತ ಚರ್ಮದ ಸ್ಟಫೈಲೋಕಾಕಸ್ ಬೆಳೆದು, ಅದಕ್ಕೆ ಹತ್ತು ದಿನ ವ್ಯಾಂಕೊಮೈಸಿನ್ ಹೋಗುತ್ತದೆ. ಮೊದಲ ಡೋಸ್‌ಗೆ ಮುಂಚೆ ರಕ್ತ ತೆಗೆಯುವುದು ಸರಿ. ರಕ್ತ ಸಿಗಲಿಲ್ಲವೆಂದು ಡೋಸ್ ಅನ್ನು ಗಂಟೆಗಟ್ಟಲೆ ತಡೆಯುವುದು ತಪ್ಪು.

ರಕ್ತದ ಕಣಗಳ ಎಣಿಕೆಯ ಬಗ್ಗೆ ಚುಟುಕಾಗಿ: ಬಿಳಿ ಕಣ ಮೈಕ್ರೋಲೀಟರ್‌ಗೆ 5,000ಕ್ಕಿಂತ ಕಡಿಮೆಯಾಗುವುದು ಏರುವುದಕ್ಕಿಂತ ಹೆಚ್ಚು ಅರ್ಥಪೂರ್ಣ. ಎಳೆಯ ನ್ಯೂಟ್ರೊಫಿಲ್‌ಗಳ (ಒಂದು ಬಗೆಯ ಬಿಳಿ ಕಣ) ಪಾಲು ಒಟ್ಟು ನ್ಯೂಟ್ರೊಫಿಲ್‌ನಲ್ಲಿ 0.2 ದಾಟಿದರೆ ಸಂಶಯಕ್ಕೆ ಬಲ. ಪ್ಲೇಟ್‌ಲೆಟ್ ಇಳಿಯುವುದು ತಡವಾಗಿ ಬರುವ ಸುದ್ದಿ.

---

ಪಾಳಿಪುಸ್ತಕ

ತುಂಬಾ ಉಪಯೋಗವಾಯಿತು. ಮರುಪ್ರಶ್ನೆ: ಬೆನ್ನುಹುರಿಯ ನೀರು ಯಾವಾಗ ತೆಗೆಯಬೇಕು? ಕಲ್ಚರ್ ಏನೂ ಬೆಳೆಯದಿದ್ದರೂ ಮಗು ಇನ್ನೂ ಮಂಕಾಗಿದ್ದರೆ "ಇರಲಿ, ಏಳು ದಿನ ಮುಗಿಸೋಣ" ಎಂದು ಎಳೆಯುವುದರಿಂದ ನಷ್ಟವೇನು?

---

ಇನ್‌ಕ್ಯುಬೇಟರ್

ಕಲ್ಚರ್ ಪಾಸಿಟಿವ್ ಬಂದರೆ, ಫಿಟ್ಸ್ ಇದ್ದರೆ, ನೆತ್ತಿ ಉಬ್ಬಿದ್ದರೆ, ಎಚ್ಚರ ಇಳಿದಿದ್ದರೆ, ಔಷಧಿ ಕೊಟ್ಟರೂ ಚೇತರಿಕೆ ಕಾಣದಿದ್ದರೆ ಬೆನ್ನುಹುರಿಯ ನೀರು ನೋಡಲೇಬೇಕು. ರಕ್ತದಲ್ಲಿ ಏನೂ ಬೆಳೆಯದೆ ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಸೋಂಕು) ಇರುವ ಮಕ್ಕಳೂ ಇದ್ದಾರೆ, ಹಾಗಾಗಿ ಕಲ್ಚರ್ ರಿಪೋರ್ಟ್ ಒಂದನ್ನೇ ಹಿಡಿದು ಬೇಡ ಎನ್ನಲಾಗದು. ಉಸಿರಾಟ, ರಕ್ತದೊತ್ತಡ ಅಸ್ಥಿರವಾಗಿರುವ ಮಗುವನ್ನು ಬಗ್ಗಿಸಿ ಹಿಡಿಯಬೇಡಿ. ಔಷಧಿ ಶುರು ಮಾಡಿ, ಸ್ಥಿರವಾದ ಮೇಲೆ ತೆಗೆಯಿರಿ. ಆಗ ಕಲ್ಚರ್‌ನಲ್ಲಿ ಬೆಳೆಯದಿದ್ದರೂ ಕಣಗಳ ಎಣಿಕೆ ಮತ್ತು ಪ್ರೋಟೀನ್‌ನಿಂದ ಸುಳಿವು ಸಿಗುತ್ತದೆ. ಮೆನಿಂಜೈಟಿಸ್ ಖಚಿತವಾದರೆ ಎಲ್ಲವೂ ಬದಲಾಗುತ್ತದೆ: ಆಂಪಿಸಿಲಿನ್ ಡೋಸ್ ಏರುತ್ತದೆ, ಜೆಂಟಾಮೈಸಿನ್ ಮಿದುಳಿನ ನೀರಿಗೆ ಸರಿಯಾಗಿ ಇಳಿಯದ ಕಾರಣ ಸೆಫೊಟ್ಯಾಕ್ಸಿಮ್ ಸೇರುತ್ತದೆ, ಅವಧಿ ಗುಂಪು ಬಿ ಸ್ಟ್ರೆಪ್ಟೊಕಾಕಸ್‌ಗೆ ಕನಿಷ್ಠ 14 ದಿನ, ಇ. ಕೊಲೈ ಅಥವಾ ಕ್ಲೆಬ್ಸಿಯೆಲ್ಲಾದಂಥವಕ್ಕೆ 21 ದಿನ. ಗುಣವಾಗಿ ಮನೆಗೆ ಹೊರಡುವ ಮುಂಚೆ ಅಥವಾ ನಾಲ್ಕು ವಾರದೊಳಗೆ ಕಿವಿಯ ಪರೀಕ್ಷೆ. ಅದು ಡಿಸ್‌ಚಾರ್ಜ್ ಚೀಟಿಯಲ್ಲಿ ಬರೆದಿರಲಿ, ಬಾಯಿಮಾತಿನಲ್ಲಿ ಹೇಳಿದ್ದು ಉಳಿಯುವುದಿಲ್ಲ.

"ಇರಲಿ ಏಳು ದಿನ" ಎಂಬುದಕ್ಕೆ: ಮಂಕಾಗಿಯೇ ಇರುವ ಮಗುವಿಗೆ ಮುಂದುವರಿಸುವುದು ಬೇರೆ, ಚೆನ್ನಾಗಿರುವ ಮಗುವಿಗೆ ಧೈರ್ಯ ಸಾಲದೆ ಮುಂದುವರಿಸುವುದು ಬೇರೆ. ಮಂಕಾಗಿದ್ದರೆ ಬೇರೆ ಕಾರಣಗಳನ್ನೂ ಹುಡುಕಿ. ಸಕ್ಕರೆ ಇಳಿತ, ಹುಟ್ಟು ಹೃದಯದೋಷ, ಚಯಾಪಚಯದ ಜನ್ಮದೋಷ, ಹರ್ಪಿಸ್ ವೈರಸ್, ಇವೆಲ್ಲ ಸೆಪ್ಸಿಸ್‌ನ ವೇಷ ಹಾಕಿಕೊಂಡೇ ಬರುತ್ತವೆ. ಚೆನ್ನಾಗಿದ್ದರೆ ನಿಲ್ಲಿಸಿ. ಅತಿ ಕಡಿಮೆ ತೂಕದ ಮಕ್ಕಳಲ್ಲಿ, ಕಲ್ಚರ್‌ನಲ್ಲಿ ಏನೂ ಇಲ್ಲದೆಯೂ ಮೊದಲ ಆಂಟಿಬಯೋಟಿಕ್ ಸರಣಿ 5 ದಿನ ಅಥವಾ ಅದಕ್ಕಿಂತ ಹೆಚ್ಚು ನಡೆದಲ್ಲಿ ಕರುಳು ಕೊಳೆಯುವ ಕಾಯಿಲೆಯೂ ಸಾವೂ ಹೆಚ್ಚಾಗಿ ಕಂಡುಬಂದಿವೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕ್ಯಾಂಡಿಡಾ ಎಂಬ ಶಿಲೀಂಧ್ರ ಮತ್ತು ಔಷಧಿಗೆ ಬಗ್ಗದ ಜಾತಿಗಳು ಆ ಜಾಗದಲ್ಲಿ ಬೇರೂರುತ್ತವೆ. ಅದೇ ವಾರ್ಡಿನ ಮುಂದಿನ ಮಗುವಿಗೆ ತಗಲುವುದು ಅವೇ.

---

ಅರ್ಧಮಿಲೀ

ಔಷಧಿ ಲೆಕ್ಕ ನನ್ನ ಪಾಲಿಗೆ. ಕೆಳಗಿನವು ವಿಶ್ವ ಆರೋಗ್ಯ ಸಂಸ್ಥೆಯ ಆಸ್ಪತ್ರೆ ಕೈಪಿಡಿಯ ಡೋಸ್‌ಗಳು. ನಿಮ್ಮ ಘಟಕದ ಪ್ರೊಟೊಕಾಲ್ ಬೇರೆಯಿದ್ದರೆ ಅದನ್ನೇ ಹಾಕಿ, ಎರಡನ್ನು ಬೆರೆಸಬೇಡಿ.

ಆಂಪಿಸಿಲಿನ್: ಕೆ.ಜಿ.ಗೆ 50 ಮಿ.ಗ್ರಾಂ. ಮೊದಲ ವಾರದಲ್ಲಿ 12 ಗಂಟೆಗೊಮ್ಮೆ, 2ರಿಂದ 4ನೇ ವಾರದಲ್ಲಿ 8 ಗಂಟೆಗೊಮ್ಮೆ.
ಜೆಂಟಾಮೈಸಿನ್: ದಿನಕ್ಕೆ ಒಂದೇ ಸಲ. ಮೊದಲ ವಾರದಲ್ಲಿ ಸಹಜ ತೂಕದ ಮಗುವಿಗೆ ಕೆ.ಜಿ.ಗೆ 5 ಮಿ.ಗ್ರಾಂ., ಕಡಿಮೆ ತೂಕದ್ದಕ್ಕೆ 3 ಮಿ.ಗ್ರಾಂ., 2ರಿಂದ 4ನೇ ವಾರದಲ್ಲಿ 7.5 ಮಿ.ಗ್ರಾಂ. ದಿನ ತುಂಬದ ಮಕ್ಕಳಲ್ಲಿ ಮೂತ್ರಪಿಂಡ ಇನ್ನೂ ಬಲಿತಿರುವುದಿಲ್ಲ, ಅದಕ್ಕಾಗಿ ಅನೇಕ ಘಟಕಗಳಲ್ಲಿ ಡೋಸ್‌ಗಳ ಅಂತರವನ್ನೇ 36 ಅಥವಾ 48 ಗಂಟೆಗೆ ಹಿಗ್ಗಿಸುತ್ತಾರೆ.

ಈಗ ಲೆಕ್ಕ ತಪ್ಪಿ ಬೀಳುವ ಮೊದಲ ಗುಂಡಿ. ಜೆಂಟಾಮೈಸಿನ್ ಎರಡು ಗಾಢತೆಯಲ್ಲಿ ಬರುತ್ತದೆ: ಮಿ.ಲೀ.ಗೆ 10 ಮಿ.ಗ್ರಾಂ. ಮತ್ತು ಮಿ.ಲೀ.ಗೆ 40 ಮಿ.ಗ್ರಾಂ. ಎರಡೂ 2 ಮಿ.ಲೀ.ಯ ಪುಟ್ಟ ಬಾಟಲಿಗಳೇ, ದೂರದಿಂದ ಅವಳಿಜವಳಿ. 3 ಕೆ.ಜಿ. ಮಗುವಿಗೆ ಮೊದಲ ವಾರದಲ್ಲಿ 15 ಮಿ.ಗ್ರಾಂ. ಬೇಕು. 10ರ ಬಾಟಲಿಯಲ್ಲಿ ಅದು 1.5 ಮಿ.ಲೀ. 40ರ ಬಾಟಲಿಯಲ್ಲಿ 0.375 ಮಿ.ಲೀ. 10ರದ್ದೆಂದುಕೊಂಡು 40ರದ್ದರಿಂದ 1.5 ಎಳೆದರೆ ಒಳಗೆ ಹೋಗುವುದು 60 ಮಿ.ಗ್ರಾಂ., ನಾಲ್ಕು ಪಟ್ಟು. ಅಪಾಯ ಕಿವಿಗೆ ಮತ್ತು ಮೂತ್ರಪಿಂಡಕ್ಕೆ. ಕಿವಿಗಾದದ್ದು ವಾಪಸು ಬರುವುದಿಲ್ಲ. ಚಾರ್ಟಿನಲ್ಲಿ ಬರೀ "1.5 ಮಿ.ಲೀ." ಎಂದು ಬರೆಯಬೇಡಿ. "15 ಮಿ.ಗ್ರಾಂ. = 10 ಮಿ.ಗ್ರಾಂ./ಮಿ.ಲೀ. ದ್ರಾವಣದ 1.5 ಮಿ.ಲೀ." ಎಂದು ಪೂರ್ತಿ ಬರೆಯಿರಿ. ಎರಡೂ ಗಾಢತೆಯನ್ನು ಒಂದೇ ಟ್ರೇಯಲ್ಲಿ ಇಡಬೇಡಿ.

40ರದ್ದೇ ಇದ್ದರೆ 80 ಮಿ.ಗ್ರಾಂ. ಇರುವ 2 ಮಿ.ಲೀ.ಗೆ 6 ಮಿ.ಲೀ. ಸ್ಟೆರೈಲ್ ನೀರು ಸೇರಿಸಿ 8 ಮಿ.ಲೀ. ಮಾಡಿಕೊಳ್ಳಿ, ಮಿ.ಲೀ.ಗೆ 10 ಆಗುತ್ತದೆ. ರಕ್ತನಾಳಕ್ಕೆ ಕೊಡಲು ಇದು ಸಲೀಸು, 30 ನಿಮಿಷದಲ್ಲಿ ನಿಧಾನಕ್ಕೆ. ಸ್ನಾಯುವಿಗೆ ಕೊಡುವಾಗ ಮಾತ್ರ ತೊಡಕು: ಎಳೆಗೂಸಿನ ತೊಡೆ ಒಂದು ಜಾಗದಲ್ಲಿ ತಾಳುವುದು ಅರ್ಧದಿಂದ 1 ಮಿ.ಲೀ. ಅಷ್ಟೇ. ಹಾಗಾಗಿ 1.5 ಮಿ.ಲೀ.ಯನ್ನು ಎರಡೂ ತೊಡೆಗೆ ಹಂಚಬೇಕು, ಇಲ್ಲವೇ 40ರ ದ್ರಾವಣವನ್ನೇ 1 ಮಿ.ಲೀ. ಸಿರಿಂಜಿನಲ್ಲಿ, ನೂರನೇ ಒಂದರ ಗೆರೆ ನೋಡಿ ಎಳೆಯಬೇಕು. ಇನ್ಸುಲಿನ್ ಸಿರಿಂಜ್ ಬೇಡ, ಅದರ ಗೆರೆ ಯೂನಿಟ್‌ಗಳದ್ದು.

ಎರಡನೇ ಗುಂಡಿ ಆಂಪಿಸಿಲಿನ್ ಪುಡಿ. 500 ಮಿ.ಗ್ರಾಂ. ವಯಲ್‌ಗೆ 2.1 ಮಿ.ಲೀ. ಸ್ಟೆರೈಲ್ ನೀರು ಹಾಕಿದರೆ ಸಿಗುವುದು 2.5 ಮಿ.ಲೀ.; ಪುಡಿಯೇ 0.4 ಮಿ.ಲೀ. ಜಾಗ ಹಿಡಿಯುತ್ತದೆ. ಅಂದರೆ ಮಿ.ಲೀ.ಗೆ 200 ಮಿ.ಗ್ರಾಂ. 3 ಕೆ.ಜಿ. ಮಗುವಿಗೆ 150 ಮಿ.ಗ್ರಾಂ., ಅದು 0.75 ಮಿ.ಲೀ. ಪುಡಿಯ ಜಾಗ ಮರೆತು 2.1ರಿಂದ ಭಾಗಿಸಿದವರು 0.63 ಎಳೆಯುತ್ತಾರೆ, ಮಗುವಿಗೆ ಸಿಗುವುದು 126 ಮಿ.ಗ್ರಾಂ. ಬೇರೆ ಬೇರೆ ತಯಾರಿಕೆಯಲ್ಲಿ ಸೇರಿಸಬೇಕಾದ ನೀರು ಬೇರೆಯಿರಬಹುದು, ಪೆಟ್ಟಿಗೆಯೊಳಗಿನ ಚೀಟಿ ನೋಡಿ. ಕರಗಿಸಿದ್ದನ್ನು ಒಂದು ಗಂಟೆಯೊಳಗೆ ಬಳಸಿ, ಉಳಿದದ್ದನ್ನು ರಾತ್ರಿ ಪಾಳಿಗೆಂದು ಎತ್ತಿಡಬೇಡಿ.

ಮೂರನೆಯದು, ಎರಡನ್ನೂ ಒಂದೇ ಸಿರಿಂಜಿಗೆ ಎಳೆಯುವುದು. ಪೆನಿಸಿಲಿನ್ ಗುಂಪು ಜೆಂಟಾಮೈಸಿನ್ ಅನ್ನು ನಿಷ್ಕ್ರಿಯ ಮಾಡುತ್ತದೆ. ಬೇರೆ ಸಿರಿಂಜ್, ನಡುವೆ ಸಲೈನ್ ಫ್ಲಶ್.

ನಾಲ್ಕನೆಯದು ಸೂಕ್ಷ್ಮ. ಸಿರಿಂಜಿನ ಮೂತಿಯಲ್ಲಿ ಉಳಿಯುವ ಔಷಧಿ ಗೆರೆಯ ಲೆಕ್ಕಕ್ಕೆ ಬರುವುದಿಲ್ಲ. ಔಷಧಿ ಎಳೆದ ಸಿರಿಂಜಿನಲ್ಲೇ ಮೇಲಿಂದ ನೀರು ಎಳೆದು ತೆಳು ಮಾಡಿದರೆ ಮೂತಿಯಲ್ಲಿದ್ದದ್ದೂ ಸೇರಿಕೊಳ್ಳುತ್ತದೆ. ದೊಡ್ಡವರ ಡೋಸ್‌ನಲ್ಲಿ ಲೆಕ್ಕಕ್ಕೇ ಇಲ್ಲದ್ದು, 0.1 ಮಿ.ಲೀ.ಯ ಡೋಸ್‌ನಲ್ಲಿ ಗಣನೀಯ ಪಾಲು. ಒಂದು ಸಿರಿಂಜಿನಲ್ಲಿ ಔಷಧಿ ಅಳೆದು ಇನ್ನೊಂದು ಪಾತ್ರೆಯಲ್ಲಿ ತೆಳು ಮಾಡಿ.

ತೂಕ ಇವತ್ತಿನದೇ ಆಗಿರಲಿ, ಕಣ್ಣಂದಾಜು ಬೇಡ. ಲೆಕ್ಕವನ್ನು ಇಬ್ಬರು ಬೇರೆ ಬೇರೆ ಮಾಡಿ ಆಮೇಲೆ ಹೋಲಿಸಿ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು "ಸರಿ" ಎನ್ನುವುದು ತಾಳೆ ನೋಡಿದಂತಲ್ಲ.

---

ಹೊಸಬ_77

ಇಷ್ಟೆಲ್ಲ ಲೆಕ್ಕದ ಬದಲು ದಿನಕ್ಕೊಮ್ಮೆ ಸೆಫ್ಟ್ರಿಯಾಕ್ಸೋನ್ ಕೊಟ್ಟರೆ ಮುಗಿಯಲಿಲ್ಲವೇ?

---

ಅರ್ಧಮಿಲೀ

ಮುಗಿಯುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಆಲ್ಬುಮಿನ್‌ಗೆ ಅಂಟಿಕೊಂಡಿರುವ ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು) ಅನ್ನು ಕಿತ್ತು ಹೊರಹಾಕುತ್ತದೆ, ಕಾಮಾಲೆಯಿರುವ ಮಗುವಿನಲ್ಲಿ ಅದು ಮಿದುಳಿಗೆ ಹೋಗಿ ಕೂರಬಹುದು. ಇನ್ನೊಂದು, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. 28 ದಿನದೊಳಗಿನ ಮಗುವಿಗೆ ಕ್ಯಾಲ್ಸಿಯಂ ಇರುವ ಡ್ರಿಪ್ ಹೋಗುತ್ತಿದ್ದರೆ ಅಥವಾ ಹೋಗಬೇಕಾಗಿದ್ದರೆ ಕೊಡಲೇಬಾರದು, ಬೇರೆ ಬೇರೆ ನಳಿಕೆಯಲ್ಲೂ. ಸಾಲದ್ದಕ್ಕೆ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಮೇಲೆ ಅದಕ್ಕೆ ಹಿಡಿತವಿಲ್ಲ, ಆಂಪಿಸಿಲಿನ್‌ಗೆ ಇದೆ.

---

ಎಳೆಬಿಸಿಲು

ನಾಲ್ಕನೇ ಪ್ರಶ್ನೆ, ಕಳಿಸುವ ಮುಂಚಿನದು. ಅನುಕ್ರಮ ಮುಖ್ಯ.

ಉಸಿರು ಮೊದಲು. ನಿಂತಿದ್ದರೆ ಅಥವಾ ಮಗು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ ಬ್ಯಾಗ್-ಮಾಸ್ಕ್‌ನಿಂದ ಉಸಿರು ಕೊಡಿ. ಆಮೇಲೆ ಸಕ್ಕರೆ: ಹಿಮ್ಮಡಿಯಿಂದ ಒಂದು ಹನಿ. 45 ಮಿ.ಗ್ರಾಂ./ಡೆ.ಲೀ.ಗಿಂತ ಕಡಿಮೆಯಿದ್ದರೆ 10% ಡೆಕ್ಸ್‌ಟ್ರೋಸ್ ಕೆ.ಜಿ.ಗೆ 2 ಮಿ.ಲೀ. ರಕ್ತನಾಳಕ್ಕೆ, ನಂತರ ಡ್ರಿಪ್ ಮುಂದುವರಿಯಬೇಕು. ಒಂದೇ ಸಲ ಕೊಟ್ಟು ಬಿಟ್ಟರೆ ಅರ್ಧ ಗಂಟೆಯಲ್ಲಿ ಮತ್ತೆ ಇಳಿದಿರುತ್ತದೆ. 25% ಅಥವಾ 50% ಬೇಡ, ಎಳೆಯ ರಕ್ತನಾಳ ಸುಟ್ಟುಹೋಗುತ್ತದೆ. ರಕ್ತನಾಳ ಸಿಗದಿದ್ದರೆ, ಮಗು ಚೀಪುತ್ತಿದ್ದರೆ ಎದೆಹಾಲು. ನುಂಗಲಷ್ಟೇ ಬಂದರೆ ಹಿಂಡಿದ ಹಾಲು ಬಟ್ಟಲಿನಿಂದ. ಅದೂ ಆಗದಿದ್ದರೆ ನಳಿಕೆಯಿಂದ. ಪ್ರಜ್ಞೆಯಿಲ್ಲದ, ಫಿಟ್ಸ್ ಇರುವ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ.

ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಮೊದಲ ಡೋಸ್ ಅಲ್ಲೇ, ಸ್ನಾಯುವಿಗಾದರೂ ಸರಿ. "ಅಲ್ಲಿ ಹೋದ ಮೇಲೆ ಕೊಡುತ್ತಾರೆ" ಎಂದು ಬಿಟ್ಟರೆ ದಾರಿ, ದಾಖಲಾತಿ, ರಕ್ತ ಪರೀಕ್ಷೆ ಎಲ್ಲ ಮುಗಿದು ಡೋಸ್ ಬೀಳುವ ಹೊತ್ತಿಗೆ ಅರ್ಧ ದಿನ.

ಕೈಕಾಲು ತಣ್ಣಗೆ, ಬಣ್ಣ ಮರಳುವುದು ತಡ, ನಾಡಿ ಕ್ಷೀಣ, ಹೀಗಿದ್ದರೆ ನಾರ್ಮಲ್ ಸಲೈನ್ ಕೆ.ಜಿ.ಗೆ 10 ಮಿ.ಲೀ., 20–30 ನಿಮಿಷದಲ್ಲಿ. ದಿನ ತುಂಬದ ಮಗುವಿಗೆ ಇನ್ನೂ ನಿಧಾನ, ಮಿದುಳಿನ ರಕ್ತನಾಳ ನವಿರು. ಪ್ರತಿ ಸಲವೂ ಕೊಟ್ಟ ಮೇಲೆ ಯಕೃತ್ತು ಊದಿದೆಯೇ, ಉಸಿರು ಕೆಟ್ಟಿದೆಯೇ ನೋಡಿ.

ದಾರಿಯಲ್ಲಿ ಬಿಸಿಗೆ ತಾಯಿಯ ಎದೆಗಿಂತ ಒಳ್ಳೆಯ ಯಂತ್ರವಿಲ್ಲ: ಡಯಾಪರ್ ಮತ್ತು ಟೋಪಿ ಮಾತ್ರ ಹಾಕಿದ ಮಗು, ಚರ್ಮಕ್ಕೆ ಚರ್ಮ, ಮೇಲಿಂದ ಹೊದಿಕೆ, ಮೂಗುಬಾಯಿ ಕಾಣುವಂತೆ, ಕತ್ತು ಮಡಚದಂತೆ. ಬಿಸಿನೀರಿನ ಬಾಟಲಿ ಮೈಗೆ ತಾಗಿಸಿ ಸುಟ್ಟ ಮಕ್ಕಳನ್ನು ನೋಡುವುದು ಇನ್ನೂ ತಪ್ಪಿಲ್ಲ.

ಚೀಟಿಯಲ್ಲಿ ತೂಕ, ವಯಸ್ಸು ಗಂಟೆ ಅಥವಾ ದಿನದಲ್ಲಿ, ಕೊಟ್ಟ ಔಷಧಿ ಮಿ.ಗ್ರಾಂ.ನಲ್ಲಿ, ಕೊಟ್ಟ ಗಡಿಯಾರದ ಹೊತ್ತು, ಸಕ್ಕರೆಯ ಅಂಕಿ. ಇವುಗಳ ಜೊತೆ ತಾಯಿಯ ವಿವರವೂ ಹೋಗಲಿ: ನೀರು ಒಡೆದು ಹೆರಿಗೆಗೆ ಎಷ್ಟು ಗಂಟೆಯಾಯಿತು (18 ದಾಟಿದರೆ ಅಪಾಯ), ಹೆರಿಗೆ ವೇಳೆ 38ರ ಜ್ವರ ಇತ್ತೇ, ಎಷ್ಟು ವಾರಕ್ಕೆ ಹೆರಿಗೆ, ತಾಯಿಗೆ ಆಂಟಿಬಯೋಟಿಕ್ ಕೊಟ್ಟು ಎಷ್ಟು ಗಂಟೆಗೆ ಮಗು ಹುಟ್ಟಿತು. 72 ಗಂಟೆಯೊಳಗೆ ಕಾಣಿಸಿದ ಸೋಂಕು ಬಹುಪಾಲು ತಾಯಿಯ ಕಡೆಯಿಂದ ಬಂದದ್ದು, ಆಮೇಲಿನದು ಹೆಚ್ಚಾಗಿ ಕೈ, ನಳಿಕೆ, ವಾರ್ಡಿನಿಂದ. ಯಾವ ಔಷಧಿ ಆರಿಸಬೇಕೆಂಬುದು ಇದರ ಮೇಲೆ ನಿಂತಿದೆ.

---

ಪಾಳಿಪುಸ್ತಕ

ಕೊನೆಯದೊಂದು. ಎಷ್ಟು ಹೇಳಿದರೂ ಮನೆಯವರು ದೊಡ್ಡ ಆಸ್ಪತ್ರೆಗೆ ಒಪ್ಪದಿದ್ದರೆ, ಅಥವಾ ಹೋಗಲು ಸಾಧ್ಯವೇ ಇಲ್ಲದಿದ್ದರೆ? "ಒಪ್ಪಲಿಲ್ಲ" ಎಂದು ಸಹಿ ಹಾಕಿಸಿ ಕೈಬಿಡುವುದೇ?

---

ಇನ್‌ಕ್ಯುಬೇಟರ್

ಕೈಬಿಡಬಾರದು. 2015ರ ಮಾರ್ಗಸೂಚಿ ಬಂದದ್ದೇ ಇಂಥ ಸಂದರ್ಭಕ್ಕೆ. ಮೊದಲು ಬೇರ್ಪಡಿಸಿ: ಫಿಟ್ಸ್, ಪ್ರಜ್ಞೆಯಿಲ್ಲ, ಒಂದಿಷ್ಟೂ ಕುಡಿಯಲು ಆಗುತ್ತಿಲ್ಲ, ಅಲುಗಾಟವೇ ಇಲ್ಲ ಎಂದರೆ ಮನೆಚಿಕಿತ್ಸೆ ಸಾಲದು, ಒಪ್ಪಿಸುವ ಪ್ರಯತ್ನ ನಿಲ್ಲಿಸಬೇಡಿ, ಅಲ್ಲಿಯವರೆಗೂ ಚುಚ್ಚುಮದ್ದು ತಪ್ಪಿಸಬೇಡಿ. ಇವು ಇಲ್ಲದೆ ಉಳಿದ ಲಕ್ಷಣಗಳಿದ್ದರೆ: ಜೆಂಟಾಮೈಸಿನ್ ಸ್ನಾಯುವಿಗೆ ಕೆ.ಜಿ.ಗೆ 5ರಿಂದ 7.5 ಮಿ.ಗ್ರಾಂ. (ಕಡಿಮೆ ತೂಕದ್ದಕ್ಕೆ 3ರಿಂದ 4) ದಿನಕ್ಕೊಮ್ಮೆ 7 ದಿನ, ಜೊತೆಗೆ ಬಾಯಿಂದ ಅಮಾಕ್ಸಿಸಿಲಿನ್ ಕೆ.ಜಿ.ಗೆ 50 ಮಿ.ಗ್ರಾಂ. ದಿನಕ್ಕೆರಡು ಸಲ 7 ದಿನ. ಇದರ ಬದಲಿಗೆ ಜೆಂಟಾಮೈಸಿನ್ 2 ದಿನ, ಅಮಾಕ್ಸಿಸಿಲಿನ್ 7 ದಿನ ಎಂಬ ಆಯ್ಕೆಯೂ ಇದೆ. 7 ದಿನ ದಾಟಿದ ಮಗುವಿನಲ್ಲಿ ಬರೀ ವೇಗದ ಉಸಿರು, ಬೇರೇನೂ ಇಲ್ಲ ಎಂದರೆ ಅಮಾಕ್ಸಿಸಿಲಿನ್ ಮಾತ್ರ ಸಾಕು.

ಮೊದಲ ಅಮಾಕ್ಸಿಸಿಲಿನ್ ಡೋಸ್ ನಿಮ್ಮ ಕಣ್ಣೆದುರೇ ತಾಯಿಯ ಕೈಯಿಂದ ಕೊಡಿಸಿ. ಮಾತ್ರೆಯಾದರೆ ಹಿಂಡಿದ ಎದೆಹಾಲಿನಲ್ಲಿ ಕರಗಿಸಿ ಚಮಚದಲ್ಲಿ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಬೇಕು. ಚುಚ್ಚುಮದ್ದಿಗೆ ಬಂದ ಪ್ರತಿ ಸಲವೂ ಏಳೂ ಲಕ್ಷಣಗಳನ್ನು ಹೊಸದಾಗಿ ನೋಡಿ ಅಂಕಿ ಸಮೇತ ಬರೆಯಿರಿ, ನಿನ್ನೆಯದನ್ನು ನಕಲು ಮಾಡಬೇಡಿ. ಹೊಸ ಲಕ್ಷಣ ಕಂಡರೆ ಅಥವಾ 4ನೇ ದಿನಕ್ಕೂ ಹಳೆಯದು ಹೋಗದಿದ್ದರೆ ಮತ್ತೆ ಆಸ್ಪತ್ರೆಯ ಮಾತು. ಮೊದಲ ದಿನ ಒಪ್ಪದವರು ಮೂರನೇ ದಿನ ಒಪ್ಪುವುದುಂಟು. ಅದಕ್ಕೇ ರೆಫರಲ್ ಚೀಟಿ ಮೊದಲ ದಿನವೇ ಬರೆದು ಅವರ ಕೈಯಲ್ಲಿಟ್ಟಿರಿ, ಪ್ರತಿ ಡೋಸ್ ಕೊಟ್ಟ ಹೊತ್ತನ್ನೂ ಅದರ ಹಿಂಬದಿಯಲ್ಲಿ ಸೇರಿಸುತ್ತಾ ಹೋಗಿ.